ಅತ್ತೆಯವರು ಯಾಕೆ ನಡುಗುವುದಿಲ್ಲ

ಅರ್ಧ ಓದಿದವನಿಗಿಂತ ಏನೂ ಓದದವನೇ ಸುಖಿ ಎಂದು ನಾನು ಹೇಳಿದರೆ ನೀವು ನಂಬಬೇಕು. ಯಾಕೆಂದರೆ ಅರ್ಧ ಓದುವುದೇ ನನ್ನ ಕಸುಬು. ದೊಡ್ಡ ಲೈಬ್ರರಿಯ ನೆಲಮಾಳಿಗೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವವನು ನಾನು. ನನ್ನ ಮೇಜಿನ ಮೇಲೆ ಪುಸ್ತಕ ಇಡಿಯಾಗಿ ಇರುವುದಿಲ್ಲ. ಹದಿನಾರು ಹದಿನಾರು ಪುಟಗಳ ಮಡಿಕೆಗಳಾಗಿ ಬಿಚ್ಚಿಕೊಂಡಿರುತ್ತದೆ. ಆ ಮಡಿಕೆಗೆ ನಾವು ಫಾರಂ ಎನ್ನುತ್ತೇವೆ. ಕೈ ಹೊಲಿಯುತ್ತಿದ್ದರೆ ಕಣ್ಣು ಓದುತ್ತಿರುತ್ತದೆ. ಹೀಗಾಗಿ ಎಷ್ಟೋ ರಾಜರ ಮದುವೆ ನನಗೆ ಗೊತ್ತು, ಅವರು ಹೇಗೆ ಸತ್ತರೆಂಬುದು ಗೊತ್ತಿಲ್ಲ. (ನನ್ನ ತಲೆಯೊಳಗೂ ಒಂದೆರಡು ಫಾರಂ ಬಿದ್ದುಹೋಗಿವೆ ಎಂಬುದು ಹೆಂಡತಿಯ ಅಭಿಪ್ರಾಯ.)

ಈ ಚಳಿಗಾಲದಲ್ಲಿ ಅತ್ತೆಯವರು ನಮ್ಮ ಮನೆಗೆ ಬಂದರು. "ನಮ್ಮನೆ ವಿಪರೀತ ಥಂಡಿ. ಮಗಳ ಮನೆ ಬೆಚ್ಚಗಿರುತ್ತೆ" ಎಂದು ಹೇಳಿಕೊಂಡೇ ಬಂದರು. ಹಿಂದಿನ ಸಣ್ಣ ಕೋಣೆ ಅವರದಾಯಿತು. ಅವರು ಬಂದ ನಾಲ್ಕನೇ ದಿನಕ್ಕೆ ಸರಿಯಾಗಿ ಹಿಮ ಬಿತ್ತು, ಐದನೇ ದಿನಕ್ಕೆ ಸರಿಯಾಗಿ ಮುಂದಿನ ಹಾಲ್‌ನಲ್ಲಿದ್ದ ಹೀಟರ್ ಕೆಟ್ಟಿತು.

ಕಾಕತಾಳೀಯವೋ ಗ್ರಹಚಾರವೋ, ಅದೇ ದಿನ ನನ್ನ ಮೇಜಿನ ಮೇಲೆ ಶರೀರಶಾಸ್ತ್ರದ ಒಂದು ಹಳೆಯ ಪುಸ್ತಕದ ಏಳನೇ ಫಾರಂ ಇತ್ತು. ಆಹಾ, ಏನು ಫಾರಂ ಅದು! ಸುಮ್ಮನೆ ಕೂತ ಮನುಷ್ಯನ ಮೈ ಹತ್ತಿರ ಹತ್ತಿರ ನೂರು ವಾಟಿನ ಬಲ್ಬಿನಷ್ಟು ಶಾಖ ಹುಟ್ಟಿಸುತ್ತದಂತೆ. ಚಳಿಯಾದರೆ ಸ್ನಾಯುಗಳು ತಾವಾಗಿಯೇ ನಡುಗಿ ಅದನ್ನು ಹಲವು ಪಟ್ಟು ಏರಿಸುತ್ತವಂತೆ. ಇದರ ಮೇಲೆ ಕತ್ತಿನ ಬುಡದಲ್ಲಿ, ಭುಜದ ಸುತ್ತ ಕಂದು ಕೊಬ್ಬು ಎಂಬುದೊಂದು ಇದ್ದು, ಅದು ನಡುಗದೆಯೇ ಉರಿದು ಮೈ ಕಾಯಿಸುತ್ತದಂತೆ. ಚಳಿ ಅಭ್ಯಾಸವಾದಷ್ಟೂ ಅದು ಚುರುಕಾಗುತ್ತದಂತೆ. ಇಷ್ಟು ಹೇಳಿ ಫಾರಂ ಮುಗಿದಿತ್ತು. ಎಂಟನೆಯದಕ್ಕೆ ನೀರು ತಗುಲಿದ್ದರಿಂದ ಅದು ಒಣಗಲೆಂದು ಒತ್ತುಯಂತ್ರದ ಕೆಳಗೆ ಕೂತಿತ್ತು. ನನಗೇನು, ಏಳೇ ಸಾಕಾಗಿತ್ತು.

"ನಮ್ಮ ಮೈಯೇ ಹೀಟರ್ ಕಣೇ!" ಎಂದು ಬಾಗಿಲಲ್ಲೇ ಘೋಷಿಸಿದೆ. "ಕತ್ತಿನ ಹಿಂದೆ ಕಂದು ಕೊಬ್ಬು ಅಂತ ಇರುತ್ತೆ. ಚಳಿ ಬಿದ್ರೆ ಅದು ಎಚ್ಚರ ಆಗುತ್ತೆ."

"ಈ ಮನೇಲಿ ಯಾರ ಕೊಬ್ಬು ಎಚ್ಚರ ಆಗಿದೆ ಅಂತ ಕಾಣ್ತಾನೇ ಇದೆ," ಎಂದಳು ಹೆಂಡತಿ. "ರೀ, ಅಮ್ಮನಿಗೆ ಎಪ್ಪತ್ತೆರಡು ವರ್ಷ. ಅವಳಿಗೇನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಏನಾಗುತ್ತೆ? ನಾನಿದ್ದೀನಲ್ಲ!"

"ಅದೇ ನನ್ನ ಭಯ."

ವಾದ ಮಾಡಿ ಮಾಡಿ ಕೊನೆಗೆ ಒಪ್ಪಂದವಾಯಿತು. ಹೀಟರ್ ರಿಪೇರಿಗೆ ಹೋಗಲಿ, ಆದರೆ ಬಂದ ಮೇಲೆ ಅಟ್ಟ ಸೇರಲಿ. ಮೈಶಾಖ ಪೋಲಾಗದಂತೆ ಹಿಂದಿನ ಕೋಣೆಯ ಬಾಗಿಲು ಸದಾ ಮುಚ್ಚಿರತಕ್ಕದ್ದು ಎಂದು ನಾನೇ ಕಟ್ಟಪ್ಪಣೆ ಹೊರಡಿಸಿದೆ. ಹೆಂಡತಿ ಸ್ವಲ್ಪ ಯೋಚಿಸಿ, ಮಗಳ ಕಡೆ ನೋಡಿ, "ಹಾಗಾದ್ರೆ ನಾನೂ ಪುಟ್ಟಿಯೂ ಅಮ್ಮನ ಜೊತೆ ಅಲ್ಲೇ ಮಲಗ್ತೀವಿ. ಮೂರು ಜನ, ಮುನ್ನೂರು ವಾಟ್ ಆಗುತ್ತಲ್ಲ?" ಎಂದಳು. ಹದಿಮೂರು ವರ್ಷದ ದಾಂಪತ್ಯದಲ್ಲಿ ಅವಳು ನನ್ನ ಮಾತು ಇಷ್ಟು ಬೇಗ ಅರ್ಥ ಮಾಡಿಕೊಂಡದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು. ಹಾಲಿನಲ್ಲಿ ನಾನೊಬ್ಬನೇ ನನ್ನ ನೂರು ವಾಟಿನೊಡನೆ ಮಲಗಿದೆ.

ವಿಜ್ಞಾನವೆಂದ ಮೇಲೆ ದಾಖಲೆ ಬೇಡವೇ? ರಟ್ಟು ಹಾಕಿ 'ನಡುಕದ ಪುಸ್ತಕ'ವೊಂದನ್ನು ತಯಾರಿಸಿದೆ. ದಿನಾ ಬೆಳಿಗ್ಗೆ ಎಲ್ಲರೂ ಹಾಲಿಗೆ ಬಂದು, ಖಾಲಿ ಕಪ್ಪಿಟ್ಟ ಸಾಸರನ್ನು ಒಂದು ನಿಮಿಷ ಕೈಯಲ್ಲಿ ಹಿಡಿದು ಕೂರಬೇಕು. ಕಪ್ಪು ಎಷ್ಟು ಸಲ ಕಟಕಟ ಎಂದಿತೋ ಅಷ್ಟು ನಡುಕ. ಮೊದಲ ದಿನ ಅತ್ತೆ ಇಪ್ಪತ್ತೆರಡು, ನಾನು ಹತ್ತೊಂಬತ್ತು, ಹೆಂಡತಿ ಹನ್ನೊಂದು, ಪುಟ್ಟಿ ಒಂಬತ್ತು. ನಾಲ್ಕನೇ ದಿನ ನೋಡುತ್ತೇನೆ, ಅವರು ಮೂವರದ್ದೂ ಸೊನ್ನೆ! ನನ್ನದು ಮಾತ್ರ ನಲವತ್ತೊಂದು. ಇದಕ್ಕೂ ನನ್ನಲ್ಲಿ ವಿವರಣೆ ಇತ್ತು. ಅವರ ಕಂದು ಕೊಬ್ಬು ಎದ್ದಿದೆ, ನನ್ನ ಸ್ನಾಯುಗಳು ದುಡಿಯುತ್ತಿವೆ, ಒಟ್ಟಿನಲ್ಲಿ ಶಾಸ್ತ್ರ ಗೆದ್ದಿದೆ.

"ನಿಮ್ಮ ವಿದ್ಯೆ ಬಹಳ ದೊಡ್ಡದು, ಅಳಿಯಂದಿರೇ," ಎಂದರು ಅತ್ತೆ. ನಾನು ಹಲ್ಲು ಕಟಕಟಿಸುತ್ತಲೇ ಬೀಗಿದೆ.

ಒಂಬತ್ತನೇ ದಿನ ಬೆಳಿಗ್ಗೆ ಅತ್ತೆ ಶಾಲು ಸ್ವೆಟರ್ ಎರಡೂ ಇಲ್ಲದೆ ಹೊರಗೆ ಬಂದರು. ಕಣ್ಣಲ್ಲಿ ನಿದ್ದೆ ತೂಗುತ್ತಿತ್ತು. ಹಲ್ಲಿನ ಸೆಟ್ಟು ಇನ್ನೂ ಬಟ್ಟಲಲ್ಲೇ ಇತ್ತು. "ಅಬ್ಬಬ್ಬಾ, ಥೆಕೆ!" ಎಂದು ಕೈಯಿಂದ ಗಾಳಿ ಬೀಸಿಕೊಂಡರು. ಹೊರಗೆ ನಲ್ಲಿಯ ನೀರು ಹೆಪ್ಪುಗಟ್ಟಿತ್ತು, ಇವರಿಗೆ ಸೆಕೆ! ನಡುಕ ಸೊನ್ನೆ ಎಂದು ಕೆಂಪು ಶಾಯಿಯಲ್ಲಿ ಬರೆದು, ಅದರ ಕೆಳಗೆ ಎರಡು ಗೆರೆ ಎಳೆದು ಕೆಲಸಕ್ಕೆ ಹೋದೆ.

ಅಂದು ಎಂಟನೇ ಫಾರಂ ಒಣಗಿತ್ತು. ಸೂಜಿಗೆ ದಾರ ಪೋಣಿಸಿ, ಮೊದಲ ಸಾಲಿಗೆ ಕಣ್ಣು ಹಾಯಿಸಿದೆ.

'ಆದರೆ ಚಳಿ ಕಡಿಮೆಯಾಗದೆ ನಡುಕ ಮಾತ್ರ ನಿಂತುಹೋದರೆ ಅದನ್ನು ಒಳ್ಳೆಯ ಲಕ್ಷಣವೆಂದು ತಿಳಿಯಬಾರದು. ಮೈ ಸೋತು ಶಾಖ ಹುಟ್ಟಿಸುವುದನ್ನು ಕೈಬಿಡುತ್ತಿದೆ ಎಂದರ್ಥ. ರೋಗಿಯ ಮಾತು ತೊದಲುತ್ತದೆ, ನಿದ್ದೆ ಎಳೆಯುತ್ತದೆ. ಕೊನೆಗೆ ಕೆಲವರು ಸೆಕೆಯೆಂದು ಭ್ರಮಿಸಿ ಮೈಮೇಲಿನ ಬಟ್ಟೆಯನ್ನೇ ತೆಗೆದುಹಾಕುತ್ತಾರೆ.'

ಆ 'ಆದರೆ'ಯ ಮುಂಚೆ ಫಾರಂ ಮುಗಿಸಿದ ಮುದ್ರಕನಿಗೆ ಏನೆಂದು ಶಾಪ ಹಾಕಲಿ? ಅಂಟು ಮೆತ್ತಿದ ಏಪ್ರನ್ನಿನ ಮೇಲೆಯೇ ಕೋಟು ಸಿಕ್ಕಿಸಿಕೊಂಡು, ಫಾರಂ ಕೈಯಲ್ಲೇ ಹಿಡಿದು ಓಡಿದೆ. ಮೆಟ್ಟಿಲ ಮೇಲೆ ಲೈಬ್ರೇರಿಯನ್ ಏನೋ ಕೇಳಿದರು. "ಅತ್ತೆ! ಸೆಕೆ!" ಎಂದಷ್ಟೇ ಹೇಳಲು ಸಾಧ್ಯವಾಯಿತು. ಬ್ರೆಡ್ಡಿನ ಅಂಗಡಿಯ ಮುಂದೆ ಒಮ್ಮೆ, ಬಸ್ ಸ್ಟಾಪಿನಲ್ಲಿ ಇನ್ನೊಮ್ಮೆ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದೆ. ಮದುವೆಯಾದ ಹೊಸದರಲ್ಲಿ ನನಗೆ ಜ್ವರ ಬಂದಿದ್ದಾಗ ಮೂರು ದಿನ ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸಿದವರು ಅತ್ತೆ. ಬೆಚ್ಚಗಿರಬೇಕೆಂದು ನನ್ನ ಮನೆಗೆ ಬಂದವರು. ಅವರನ್ನು ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕೊಲ್ಲುತ್ತಿದ್ದೆ. ಇದನ್ನು ನೆನೆದು ದಾರಿಯುದ್ದಕ್ಕೂ ಅಳುತ್ತಲೇ ಓಡಿದೆ.

ಹಿಂದಿನ ಕೋಣೆಯ ಬಾಗಿಲನ್ನು ತಟ್ಟದೆಯೇ ನೂಕಿದೆ. ಅತ್ತೆ ಕುರ್ಚಿಯಲ್ಲಿ ಒರಗಿದ್ದರು. ಕಣ್ಣು ಮುಚ್ಚಿತ್ತು, ಬಾಯಿ ತೆರೆದಿತ್ತು, ಶಾಲು ನೆಲದ ಮೇಲಿತ್ತು.

"ಅತ್ತೇ! ಹೋಗ್ಬೇಡಿ ಅತ್ತೇ!" ಎಂದು ಕೂಗಿ ಅವರ ಕೈ ಹಿಡಿದುಕೊಂಡೆ.

ಕಣ್ಣು ತೆರೆದರು. "ಎಲ್ಲಿಗೆ ಹೋಗ್ಲಿ? ಈಗ ತಾನೇ ಜೊಂಪು ಹತ್ತಿತ್ತು. ಯಾಕೆ ಅಳಿಯಂದಿರೇ, ಲೈಬ್ರರಿಗೆ ಬೆಂಕಿ ಬಿತ್ತಾ?"

ಕೈ ಬೆಚ್ಚಗಿತ್ತು. ಬೆಚ್ಚಗೇನು, ಬಿಸಿಯಾಗಿತ್ತು. ಆಗ ನನ್ನ ಮುಖಕ್ಕೂ ಬಿಸಿ ಬಡಿಯಿತು. ತಿರುಗಿ ನೋಡಿದೆ. ಹಿಮದ ರಜೆಯಲ್ಲಿದ್ದ ಪುಟ್ಟಿ ತೋಳಿಲ್ಲದ ಫ್ರಾಕು ಹಾಕಿಕೊಂಡು ಚಿತ್ರ ಬರೆಯುತ್ತಿದ್ದಳು. ಹೆಂಡತಿ ಹೊಲಿಗೆಯನ್ನು ಕೈಯಲ್ಲೇ ಹಿಡಿದು ಕಲ್ಲಾಗಿದ್ದಳು. ಕಿಟಕಿ ಒಂದು ಬೆರಳಷ್ಟು ತೆರೆದಿತ್ತು. ಮೂಲೆಯಲ್ಲಿ ನಮ್ಮ ಹೀಟರ್, ನಾಚಿಕೆಯೇ ಇಲ್ಲದೆ ಕೆಂಪಗೆ ಉರಿಯುತ್ತಿತ್ತು.

"ಮೂರನೇ ದಿನವೇ ರಿಪೇರಿಯವನು ತಂದುಕೊಟ್ಟ," ಎಂದಳು ಹೆಂಡತಿ, ಜಗಳಕ್ಕೆ ಸೆರಗು ಕಟ್ಟಿಕೊಂಡು. "ಹಿತ್ತಲ ಬಾಗಿಲಿಂದ ನಾನೇ ತರಿಸಿದೆ. ಬಯ್ಯೋದಿದ್ರೆ ಬಯ್ದುಬಿಡಿ."

ಬೈಯುವುದೆಲ್ಲಿ ಬಂತು! ಎದೆಯ ಮೇಲಿನ ಬಂಡೆ ಇಳಿದಂತಾಗಿ ನಾನು ಅಲ್ಲೇ ನೆಲದ ಮೇಲೆ ಕುಸಿದು ಕೂತು, ಅಳುತ್ತಾ ನಗತೊಡಗಿದೆ. ಹೆಂಡತಿಯಿಂದ ಮೋಸಹೋಗಿ ಇಷ್ಟು ಸಂತೋಷಪಟ್ಟ ಗಂಡ ಇನ್ನೊಬ್ಬನಿದ್ದರೆ ತೋರಿಸಿ. "ಒ-ಒಳ್ಳೇದಾಯ್ತು... ಬ-ಬಹಳ ಒ-ಒಳ್ಳೇದಾಯ್ತು," ಎಂದು ಏದುಸಿರಿನಲ್ಲೇ ಹೇಳಿದೆ. ಓಡಿ ಬಂದದ್ದಕ್ಕೆ ಮೈಯೆಲ್ಲ ಬೆವರು, ಮೇಲೆ ಈ ಹೀಟರ್ ಬೇರೆ. ಕೋಟು ತೆಗೆದೆ, ಏಪ್ರನ್ನು ತೆಗೆದೆ, ಸ್ವೆಟರಿಗೂ ಕೈ ಹಾಕಿದೆ.

ನನ್ನ ಕೈಯಿಂದ ಬಿದ್ದ ಫಾರಂ ಅನ್ನು ಪುಟ್ಟಿ ಎತ್ತಿಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವ ದನಿಯಲ್ಲಿ ಓದಿದಳು: "ನಡುಕ ನಿಂತುಹೋದರೆ... ಮಾತು ತೊದಲುತ್ತದೆ... ಸೆಕೆಯೆಂದು ಭ್ರಮಿಸಿ ಬಟ್ಟೆಯನ್ನೇ ತೆಗೆದು... ಅಮ್ಮಾ! ಅಪ್ಪ ನಡುಗ್ತಾನೇ ಇಲ್ಲ!"

ಮೂರು ಜೊತೆ ಕಣ್ಣು ನನ್ನ ಮೇಲೆ ನೆಟ್ಟವು.

"ಒಂಬತ್ತು ದಿನ ಆ ಹಾಲಿನಲ್ಲಿ ಒಬ್ಬರೇ ಮಲಗಿದ್ರು," ಎಂದಳು ಹೆಂಡತಿ. ಅವಳ ದನಿ ನಿಜವಾಗಿಯೂ ಅದುರಿತು.

"ನ-ನಂಗೇನೂ ಆಗಿಲ್ಲ ಕಣೇ, ಓ-ಓಡಿ ಬಂದೆ ಅಷ್ಟೇ!"

"'ರೋಗಿ ತನಗೇನೂ ಆಗಿಲ್ಲವೆಂದು ವಾದಿಸಬಹುದು,'" ಎಂದು ಪುಟ್ಟಿ ಮುಂದಿನ ಸಾಲು ಓದಿದಳು.

ಆಮೇಲೆ ನನ್ನನ್ನು ಕೇಳುವವರು ಯಾರು? ಸ್ವೆಟರನ್ನು ಮತ್ತೆ ತೊಡಿಸಿ, ಅತ್ತೆಯ ಹಾಸಿಗೆಯಲ್ಲೇ ಮಲಗಿಸಿ, ಮೂರು ಕಂಬಳಿ ಹೊದಿಸಿ, ಹೀಟರನ್ನು ಹತ್ತಿರಕ್ಕೆ ಎಳೆದರು. ಬಾಯಿ ತೆರೆದಾಗಲೆಲ್ಲ ಅತ್ತೆ ಅದಕ್ಕೊಂದು ಚಮಚ ಬಿಸಿ ಹಾಲು ಹಾಕಿದರು. ಹೆಂಡತಿ ನನ್ನ ಪಾದಗಳನ್ನು ಉಜ್ಜುತ್ತಾ, "ಇನ್ನು ಹಾಲಿನಲ್ಲಿ ಮಲಗಿದ್ರೆ ಜೋಕೆ," ಎಂದು ಗದರಿಸಿದಳು. ಒಂಬತ್ತು ದಿನಗಳಲ್ಲಿ ಮೊದಲ ಸಲ ನನ್ನ ಕಾಲ್ಬೆರಳುಗಳು ನನಗೆ ಸಿಕ್ಕಿದವು. ನಾನು ವಾದವನ್ನು ಅಲ್ಲಿಗೇ ಬಿಟ್ಟೆ.

ಕಣ್ಣು ಮುಚ್ಚುವ ಮೊದಲು ನೋಡಿದರೆ ಅತ್ತೆ ಕನ್ನಡಕ ಏರಿಸಿ ನನ್ನ ನಡುಕದ ಪುಸ್ತಕದಲ್ಲಿ, ನನ್ನದೇ ಕೆಂಪು ಶಾಯಿಯಲ್ಲಿ, ದುಂಡಗೆ ಬರೆಯುತ್ತಿದ್ದರು: 'ಅಳಿಯಂದಿರು. ನಡುಕ ಇಲ್ಲ. ಮಾತೂ ಇಲ್ಲ. ಮನೆ ಬೆಚ್ಚಗಿದೆ.'