ರಂಗಧಾಮಣ್ಣನ ಬೂರುಗದ ದಿಂಬು

ದಿಂಬಿಗೆ ಅರ್ಥಿಂಗ್ ವೈರು ಕೊಟ್ಟವನು ಇಡೀ ಹಾಸನದಲ್ಲಿ ನನ್ನ ಅಣ್ಣ ರಂಗಧಾಮ ಒಬ್ಬನೇ ಇರಬೇಕು. “ಇದು ಮಲಗೋ ದಿಂಬಲ್ಲ ಚಂದ್ರಿ, ದುಡಿಯೋ ದಿಂಬು” ಎಂದು ಅದನ್ನು ಮಂಚದ ಮೇಲಿಟ್ಟು, ಪ್ರೀತಿಯಿಂದ ತಟ್ಟಿ, ನನ್ನ ಮುಖ ನೋಡಿದ. ಅವತ್ತು ಸಂಜೆ ನಾನು ಕಾರವಾರದ ಬಸ್ಸು ಹತ್ತಬೇಕಿತ್ತು. ಅಲ್ಲಿನ ಶಾಲೆಯೊಂದರಲ್ಲಿ ಚಿತ್ರಕಲೆ ಮೇಡಂ ಕೆಲಸ ಸಿಕ್ಕಿತ್ತು. ಮರುದಿನ ಬೆಳಿಗ್ಗೆ ಹಾಜರಾಗದಿದ್ದರೆ ಅದು ಬೇರೆಯವರ ಪಾಲು. ಬಟ್ಟೆಬರೆ ತುಂಬಿದ ಚೀಲ ಬಾಗಿಲ ಪಕ್ಕದಲ್ಲೇ ಇತ್ತು.

ಅಣ್ಣನಿಗೆ ವೆಬ್‌ಸೈಟು ತಿದ್ದುವ ಹುಚ್ಚು. ತಿದ್ದಿಕೊಡು ಎಂದು ಯಾರೂ ಕೇಳಿರುವುದಿಲ್ಲ. ದಿನಕ್ಕೊಂದು ಕೆಟ್ಟ ಪುಟ ಹುಡುಕಿ, ಅದರ ಗುಂಡಿ, ಪಟ್ಟಿ, ಬಣ್ಣ ಎಲ್ಲ ಕಿತ್ತು ಹೊಸದಾಗಿ ಜೋಡಿಸುತ್ತಾನೆ. ಸಂಗೀತ ಕಲಿಯುವವರು ಸರಳೆವರಸೆ ಹಾಡುವುದಿಲ್ಲವೇ, ಹಾಗೆ ಇದೂ ಅಭ್ಯಾಸ ಅನ್ನುತ್ತಾನೆ. ಮುಗಿದ ಮೇಲೆ ನನ್ನನ್ನು ಕೂರಿಸಿ, ಈ ಪುಟದಲ್ಲಿ ಬಸ್ಸಿನ ವೇಳೆ ಎಲ್ಲಿದೆ ಹುಡುಕು, ನಾನು ಹೇಳಿಕೊಡುವುದಿಲ್ಲ ಎಂದು ಕೈಕಟ್ಟಿ ನಿಲ್ಲುತ್ತಾನೆ. ನಾನು ತಡಕಾಡುತ್ತೇನೆ, ಬೈಯುತ್ತೇನೆ. ಅವನು ಮುಖ ಸಣ್ಣ ಮಾಡಿಕೊಂಡು ಮತ್ತೆ ತಿದ್ದುತ್ತಾನೆ. ನಮ್ಮಿಬ್ಬರ ಸಂಜೆಗಳೆಲ್ಲ ಕಳೆದದ್ದು ಹೀಗೆಯೇ.

ಅವನಿಗೆ ಒಳ್ಳೆಯ ಪುಟಗಳು ಹೊಳೆಯುವುದು ಊಟದ ನಂತರದ ಜೊಂಪಿನಲ್ಲಿ, ಎಚ್ಚರವಾದರೆ ಮರೆತುಹೋಗುತ್ತವೆ. ಅದಕ್ಕೇ ಈ ದಿಂಬು. ಬೂರುಗದ ಹತ್ತಿಯೊಳಗೆ ಕೂದಲೆಳೆಯಂಥ ತಂತಿಗಳು. ಕನಸಿನಲ್ಲಿ ಜೋಡಿಸಿದ್ದೆಲ್ಲ ಪಕ್ಕದ ಪರದೆಯ ಮೇಲೆ ಮೂಡುತ್ತದಂತೆ. ಜನ ಬೇಕು, ಬೇಡ ಅನ್ನುವುದು ಹೇಗೆಂದು ಕಲಿಯಲಿ ಎಂದು ಅದನ್ನು ಹಬ್ಬದ ದಿನಗಳಲ್ಲಿ ನಮ್ಮ ಊಟದ ಮನೆಯಲ್ಲೇ ಇಟ್ಟಿದ್ದ. ಅವನು ಎಡವಿದ್ದು ಅಲ್ಲೇ. ನಮ್ಮಮ್ಮ ಬಡಿಸುವುದನ್ನು ನೋಡಿ ಬೆಳೆದ ಯಾರಿಗೂ ‘ಬೇಡ’ ಎಂದರೇನೆಂದು ಗೊತ್ತಾಗುವುದಿಲ್ಲ.

ಮೊದಲ ಪ್ರದರ್ಶನಕ್ಕೆ ಒಂದು ಕಲ್ಯಾಣ ಮಂಟಪದ ಪುಟ ಆರಿಸಿದ್ದ. ಅಕ್ಷರಗಳು ಮಿಣಮಿಣ ಮಿಂಚುತ್ತಿದ್ದವು, ಹೂಮಾಲೆಗಳು ಓಡುತ್ತಿದ್ದವು, ಫೋನ್ ನಂಬರು ಮಾತ್ರ ಎಲ್ಲೂ ಇರಲಿಲ್ಲ. ಅಣ್ಣ ಮಲಗಿದ. ಗೊರಕೆ ಶುರುವಾದ ಕೂಡಲೇ ಪರದೆಯ ಮೇಲಿನ ಗದ್ದಲ ಒಂದೊಂದಾಗಿ ಕರಗಿತು. ಉಳಿದದ್ದು ಬೆಳಗಿನ ಬೆಳಕಿನಂಥ ಬಣ್ಣ, ನಡುವೆ ಒಂದು ಮಾವಿನೆಲೆ, ಅದರ ಕೆಳಗೆ ನಂಬರು. ನಾನು ಬೈಯಲು ಬಾಯಿ ತೆರೆದವಳು ಹಾಗೇ ನೋಡುತ್ತಾ ಕೂತೆ. ಅಷ್ಟು ಚೆನ್ನಾಗಿತ್ತು.

ಅಣ್ಣ ಏಳಲಿಲ್ಲ. ಪುಟ ಮುಗಿಸಿದ ದಿಂಬು ಅರ್ಥಿಂಗ್ ವೈರು ಹಿಡಿದು ಗೋಡೆಯೊಳಗೆ ಇಳಿದಿರಬೇಕು. ಅದರ ಕಣ್ಣಿಗೆ ಮುಂದೆ ಬಿದ್ದದ್ದು ನಮ್ಮ ಮನೆ.

ಮೊದಲು ಕ್ಯಾಲೆಂಡರು ಮಾಯವಾಯಿತು, ಆಮೇಲೆ ಮೊಳೆ. ಬಟ್ಟೆ ಹಾಕುವ ಹಗ್ಗ, ಹಳೇ ಪೇಪರ್ ರಾಶಿ, ನನ್ನ ಚೀಲ, ಚಪ್ಪಲಿ ಎಲ್ಲವೂ ಸದ್ದಿಲ್ಲದೆ ಗೋಡೆಯೊಳಗೆ ಮುಳುಗಿದವು. ಮನೆ ತುಂಬ ಖಾಲಿ ಬಿಳುಪು. ಮೂಲೆಯಲ್ಲಿ, ವೆಬ್‌ಸೈಟುಗಳು ಪಟ್ಟಿ ಬಚ್ಚಿಡುವ ಗುಂಡಿಯ ಹಾಗೆ, ಮೂರು ಅಡ್ಡಗೆರೆ ಮಾತ್ರ ಕಂಡವು. ಮನೆ ಇಷ್ಟು ಚೊಕ್ಕಟವಾದದ್ದು ಇದೇ ಮೊದಲು ಎಂದು ಅಮ್ಮ ಹಿಗ್ಗಿದಳು. ಒಗ್ಗರಣೆಗೆ ಸಾಸಿವೆ ಡಬ್ಬಿ ಹುಡುಕುವ ತನಕ ಆ ಹಿಗ್ಗು ಇತ್ತು. ಮೂರು ಗೆರೆ ಒತ್ತಿದರೆ ಗೋಡೆ ತೆರೆದುಕೊಂಡು ಒಂದೊಂದೇ ಸಾಮಾನು ಹೊರಗೆ ಚಾಚುತ್ತಿತ್ತು: ಜರಡಿ, ಶಂಖ, ನನ್ನ ಎಡಗಾಲಿನ ಚಪ್ಪಲಿ. ಹರಸಾಹಸ ಮಾಡಿ ಚೀಲ ಎಳೆದುಕೊಂಡೆ.

ಬೀದಿ ಬಾಗಿಲಿರಬೇಕಾದ ಕಡೆ ಒಂದು ಹಳದಿ ಗುಂಡಿ, ಅದರ ಮೇಲೆ ‘ಹೊರಡಬೇಕೆ?’ ಎಂಬ ಬರಹ. ಒತ್ತಿದೆ. ‘ಸ್ವಲ್ಪ ಕೂತು ಹೋಗಬಾರದೇ?’ ಎಂದು ಮೂಡಿತು. ‘ಬೇಡ’ ಒತ್ತಿದೆ. ಕುರ್ಚಿ ತೇಲಿಬಂದು ನನ್ನನ್ನು ಮೃದುವಾಗಿ ಕೂರಿಸಿಕೊಂಡಿತು. ಮತ್ತೆ ‘ಬೇಡ’ ಒತ್ತಿದರೆ ಮಡಿಲಿಗೆ ಹೋಳಿಗೆ ಬಂತು. ಇನ್ನೊಮ್ಮೆ ಒತ್ತಿದರೆ ಅದರ ಮೇಲೆ ತುಪ್ಪ. ಸಿಟ್ಟಿನಿಂದ ಬಡಬಡ ಒತ್ತಿದೆ. ಕಾಲ ಕೆಳಗೆ ಮಣೆ, ಬೆನ್ನ ಹಿಂದೆ ಲೋಡು, ಕೈಯಲ್ಲಿ ಬೀಸಣಿಗೆ! ಗೋಡೆಗಳು ಮಂಜಿನ ಹಾಗೆ ಉಸಿರಾಡುತ್ತಿದ್ದವು. ಕಣ್ಣು ಎಳೆಯತೊಡಗಿತು. ಕಾರವಾರ ಎಲ್ಲಿ ಓಡಿಹೋಗುತ್ತದೆ, ಇನ್ನೊಂದು ಹೋಳಿಗೆ ತಿಂದರೆ ತಪ್ಪೇನು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಹೆದರಿ ಎದ್ದು ಓಡಿದೆ.

ಅಣ್ಣನನ್ನು ಅಲುಗಾಡಿಸಿದೆ, ನೀರು ಚಿಮುಕಿಸಿದೆ. ಅವನು ನಿದ್ದೆಯಲ್ಲೇ ನಕ್ಕ. ಬೇರೆ ದಾರಿ ಕಾಣದೆ ನಾನೂ ದಿಂಬಿನ ಇನ್ನೊಂದು ತುದಿಗೆ ತಲೆಯಿಟ್ಟೆ.

ಅಲ್ಲಿ ಉದ್ದಕ್ಕೆ ಹರಡಿದ ಒಂದು ತಿಳಿಹಸಿರು ಅಂಗಳವಿತ್ತು. ಲುಂಗಿ ಉಟ್ಟ ಅಣ್ಣ ನಮ್ಮ ಮನೆಯ ಕಿಟಕಿಗಳನ್ನು ಒಂದೊಂದಾಗಿ ಹೊತ್ತು ತಂದು ಗಾಳಿಯಲ್ಲಿ ಜೋಡಿಸುತ್ತಿದ್ದ. ಅವು ನೀರಿನ ಮೇಲಿನ ಎಲೆಗಳಂತೆ ತೇಲುತ್ತಿದ್ದವು. ಬೀದಿ ಬಾಗಿಲು ಅವನ ಕಂಕುಳಲ್ಲಿತ್ತು.

“ಬಾಗ್ಲು ಇಡು ಅಣ್ಣ, ಬಸ್ಸಿಗೆ ಹೊತ್ತಾಯ್ತು” ಎಂದೆ.

“ಎಲ್ಲಿಟ್ರೂ ಚೆನ್ನಾಗ್ ಕಾಣಲ್ಲ ಕಣೇ.”

“ಚೆನ್ನಾಗ್ ಕಾಣ್ದಿದ್ರೆ ಪರ್ವಾಗಿಲ್ಲ, ಇಡು.”

ಅವನು ಬಾಗಿಲನ್ನು ಇನ್ನಷ್ಟು ಅವುಚಿಕೊಂಡ. “ನೀನು ಹೋದ್ರೆ ನನ್ ಪುಟಗಳಿಗೆ ಬೈಯೋರ್ ಯಾರು? ಬೇರೆಯವ್ರೆಲ್ಲ ಚೆನ್ನಾಗಿದೆ ಅಂತಾರೆ, ಆಮೇಲೆ ತೆಗ್ದೂ ನೋಡಲ್ಲ.”

ನನಗೆ ಸಿಟ್ಟೆಲ್ಲ ಇಳಿದು ದುಃಖವಾಯಿತು. ಅವನಿಗೆ ಇದ್ದವಳು ನಾನೊಬ್ಬಳೇ ಎಂದು ನನಗೆ ತಿಳಿದೇ ಇತ್ತು. ಅವನಿಗೂ ತಿಳಿದಿದೆ ಎಂದು ಗೊತ್ತಿರಲಿಲ್ಲ. “ದಿನಾ ಕಳ್ಸು. ಕಾರ್ವಾರದಿಂದ್ಲೇ ಬೈತೀನಿ” ಎಂದೆ. “ಈಗ್ಲೇ ಹೇಳ್ತೀನಿ ಕೇಳು. ಹೊರಗ್ ಹೋಗೋ ದಾರಿ ಇಲ್ದಿರೋ ಪುಟ ಎಷ್ಟ್ ಚೆನ್ನಾಗಿದ್ರೂ ದಂಡ.”

ಅವನ ಮುಖ ಎಂದಿನಂತೆ ಸಣ್ಣದಾಯಿತು. ಎಂದಿನಂತೆ ತಿದ್ದಲು ಹೊರಟ. ಬಾಗಿಲನ್ನು ನಡುವಿನಲ್ಲಿ ನಿಲ್ಲಿಸಿ, ಸಾಕು ಎಂದು ದಿಂಬಿಗೆ ಹೇಳಿದ. ಆಕಾಶದಿಂದ ಎರಡು ಹೋಳಿಗೆ ಬಿದ್ದವು. ಬೇಡ ಎಂದ. ನಾಲ್ಕು ಬಿದ್ದವು. ಅಣ್ಣ ತಲೆಯ ಮೇಲೆ ಕೈಯಿಟ್ಟು ಕೂತುಬಿಟ್ಟ.

ಆಗ ನನಗೆ ಹೊಳೆಯಿತು. ನಮ್ಮನೆ ಪಂಕ್ತಿಯಲ್ಲಿ ಬೇಡ ಎಂದು ಊಟ ಮುಗಿಸಿದವರು ಇಲ್ಲವೇ ಇಲ್ಲ. ಎಲೆ ಮಡಚಿದರೆ ಮಾತ್ರ ಅಮ್ಮನ ಸೌಟು ನಿಲ್ಲುತ್ತದೆ. ನಾನು ಓಡಿಹೋಗಿ, ಬಾಳೆಲೆಯಂತೆ ಹಾಸಿದ್ದ ಆ ತಿಳಿಹಸಿರು ಅಂಗಳದ ಮೇಲಂಚು ಹಿಡಿದೆ. ಅಣ್ಣ ಇನ್ನೊಂದು ಕಡೆ ಹಿಡಿದ. ಇಬ್ಬರೂ ಸೇರಿ ಅದನ್ನು ನಮ್ಮ ಕಡೆಗೆ ಮಡಚಿದೆವು. ದಿಂಬು ದೊಡ್ಡದಾಗಿ ತೇಗಿತು.

ಎಚ್ಚರವಾದಾಗ ಮನೆ ಮರಳಿತ್ತು. ಆದರೆ ಎಲ್ಲವೂ ಅರ್ಧಕ್ಕೆ ಮಡಚಿಕೊಂಡಿತ್ತು. ಮಂಚ, ಬೀರು, ಗಡಿಯಾರ, ಬೀದಿ ಬಾಗಿಲು ಎಲ್ಲವೂ. ಅಣ್ಣನ ಮೀಸೆ ಕೂಡ ಒಂದೇ ಕಡೆ ಸೇರಿ ದಪ್ಪಗಾಗಿತ್ತು. ಅವನು ಅದನ್ನು ಸವರಿಕೊಳ್ಳುತ್ತಾ, ಬಾಗಿಲು ಕಾಣುವ ಹಾಗಿದೆಯೇ ಎಂದು ಕೇಳಿದ. ತೀರಾ ಗಿಡ್ಡವಾಯಿತು, ನಾಳೆ ಸರಿಮಾಡಿ ಕಳಿಸು ಎಂದು ಬೈದೆ. ಅವನ ಕಣ್ಣು ತುಂಬಿತ್ತು, ನನ್ನದೂ.

ಚೀಲ ಎದೆಗವಚಿಕೊಂಡು, ಅರ್ಧ ಬಾಗಿಲಲ್ಲಿ ಬಗ್ಗಿ ಹೊರಬಂದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಹಿಂದಿನಿಂದ ಅಮ್ಮನೂ ಬಗ್ಗಿ ತಲೆ ಹೊರಹಾಕಿ, ದಾರಿಗೆ ಒಂದು ಡಬ್ಬಿ ಮೊಸರನ್ನ ಕಟ್ಟಿಕೊಡಲೇ ಎಂದು ಕೇಳಿದಳು.

ಬೇಡ ಎಂದೆ. ಎರಡು ಡಬ್ಬಿ ಬಂತು.