ನಮ್ಮ ಭಾವನಿಗೆ ಸೆಕೆಯಾಗುವುದಿಲ್ಲ

ನಮ್ಮ ಭಾವನಿಗೆ ಬೆವರು ಬರುವುದಿಲ್ಲ. ಬಂದರೂ ಅದು ಬೆವರಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಅಂಗಿ ಬೆನ್ನಿಗೆ ಅಂಟಿಕೊಂಡು, ಮೂಗಿನ ತುದಿಯಿಂದ ಹನಿ ಉದುರುತ್ತಿರುವಾಗ ಕೇಳಿ ನೋಡಿ: ಈಗ ತಾನೆ ಮುಖ ತೊಳೆದು ಬಂದೆ ಎನ್ನುತ್ತಾರೆ. ಬೆನ್ನನ್ನೂ ತೊಳೆದಿರಾ, ಅದೂ ಅಂಗಿ ಹಾಕಿಕೊಂಡೇ, ಎಂದು ಕೇಳುವ ಧೈರ್ಯ ನನಗಿಲ್ಲ. ಅಕ್ಕನ ಗಂಡ; ಮೇಲಾಗಿ ನಿವೃತ್ತ ಬಸ್ ಕಂಡಕ್ಟರ್. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ನಿಂತು "ಹಿಂದಕ್ಕೆ ಸರೀರಿ, ಬೇಕಾದಷ್ಟು ಜಾಗ ಐತೆ" ಎಂದು ಜೀವನವಿಡೀ ಜನರನ್ನು ನಂಬಿಸಿದವರು. ಇಲ್ಲದ ಜಾಗವನ್ನು ಇದೆ ಎಂದವರಿಗೆ ಇರುವ ಸೆಕೆಯನ್ನು ಇಲ್ಲ ಎನ್ನುವುದು ಯಾವ ಮಹಾ ಕೆಲಸ!

ಅವರಿಗೆ ಸೆಕೆಯಾಗದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎನ್ನುತ್ತೀರಾ? ಹೋಗುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಅಕ್ಕನಿಗೆ ದಾವಣಗೆರೆಯಲ್ಲಿ ದೊಡ್ಡ ಆಪರೇಷನ್ ಆಗಿತ್ತು. ಚನ್ನಗಿರಿಯ ಮನೆಗೆ ವಾಪಸು ಬಂದಳು, ಆದರೆ ಅರ್ಧ ಆಗಿ ಬಂದಳು. ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತ ಹೋಯಿತು, ಯುಗಾದಿಯ ಬೇವುಬೆಲ್ಲವೂ ಮುಗಿಯಿತು, ಭಾವ ಮಾತ್ರ ಮನೆಯಲ್ಲಿ ಒಂದು ಫ್ಯಾನು ಹಾಕಲೂ ಬಿಡುತ್ತಿಲ್ಲ ಎಂಬ ಸುದ್ದಿ ಹೊನ್ನಾಳಿಯಲ್ಲಿದ್ದ ನನ್ನ ಕಿವಿಗೆ ಬಿತ್ತು. ನಾನೋ ಹುಟ್ಟಾ ಚಿಂತೆಗಾರ. ಬಸ್ಸು ಸ್ವಲ್ಪ ತಡವಾದರೆ ಪಂಕ್ಚರಿನ ಯೋಚನೆ ಬರುವುದೇ ಇಲ್ಲ, ನೇರವಾಗಿ ಪಲ್ಟಿಯೇ ಕಣ್ಣಿಗೆ ಕಟ್ಟುತ್ತದೆ. ಮೈಯಲ್ಲಿ ರಕ್ತವಿಲ್ಲದ ಅಕ್ಕ ಆ ಮನೆಯಲ್ಲಿ ಬೆಂದುಹೋಗುವುದನ್ನು ನೆನೆದು ನನಗೆ ಅನ್ನ ಸೇರದಾಯಿತು. (ರೊಟ್ಟಿ ಸೇರುತ್ತಿತ್ತು, ಸುಳ್ಳು ಹೇಳಬಾರದು.) ಆ ಮನೆಯ ಫ್ಯಾನು ತಿರುಗಿಸಿಯೇ ಬರುವೆನೆಂದು ಹೆಂಡತಿಯ ಎದುರು ಶಪಥ ಮಾಡಿ ಬಸ್ಸು ಹತ್ತಿದೆ.

ಚನ್ನಗಿರಿಯ ಬೇಸಿಗೆಯ ಗುಣ ಬೇರೆ. ಕೆರೆ, ನಾಲೆ, ಗದ್ದೆಗಳ ಹಸಿಯೆಲ್ಲ ಮೇಲೆದ್ದು ಗಾಳಿಯೇ ಹಿಂಡದ ಟವೆಲ್ಲಿನ ಹಾಗೆ ಮುಖಕ್ಕೆ ಅಮರಿಕೊಳ್ಳುತ್ತದೆ. ಜಗಳೂರಿನವರಾದ ಭಾವ ಇದನ್ನು ಪ್ರತಿ ವರ್ಷ ಬಾಯ್ತುಂಬ ಬೈಯುತ್ತಿದ್ದರು. "ನಮ್ಮ ಜಗಳೂರು ಬಿಸಿಲು ಎದುರಿಗೆ ನಿಂತು ಹೊಡೀತೈತೆ, ಗಂಡಸಂಗೆ. ನಿಮ್ಮ ಕಡೆ ಸೆಕೆ ಹಿಂದಿಂದ ಬಂದು ತಬ್ಬಿಕೊಂತೈತೆ, ಬಿಡಿಸಿಕೊಳ್ಳಾಕೇ ಆಗಂಗಿಲ್ಲ." ಅಂಥ ಮನುಷ್ಯ ಈ ವರ್ಷ ಇದ್ದಕ್ಕಿದ್ದಂತೆ ಪಕ್ಷಾಂತರ ಮಾಡಿದ್ದು ಹೇಗೆ? ಬಿಸಿಲು ತಲೆಗೇ ಏರಿತೇ? ನನ್ನ ಚಿಂತೆಯ ಬುಟ್ಟಿಗೆ ಇನ್ನೊಂದು ಬಿತ್ತು.

ನಾನು ಹೋದಾಗ ಸುಡುಸುಡು ಮಧ್ಯಾಹ್ನ. ಭಾವ ತುಂಬುತೋಳಿನ ಅಂಗಿಗೆ ಕುತ್ತಿಗೆಯ ಗುಂಡಿಯನ್ನೂ ಹಾಕಿಕೊಂಡು, ಮಂಡಕ್ಕಿಯ ಜೊತೆ ಆಗಷ್ಟೇ ಕರಿದ ಮೆಣಸಿನಕಾಯಿ ಬಜ್ಜಿ ಕಚ್ಚುತ್ತಿದ್ದರು. ನನ್ನ ಕೈ ತಾನಾಗಿ ಸ್ವಿಚ್ಚಿನ ಕಡೆ ಹೋಯಿತು.

"ಯಾಕಪ್ಪ ಬಾಮೈದ, ಏನು ಹುಡುಕ್ತೀಯ?"

ಸೆಕೆ ಎಂದೆ.

"ಎಲ್ಲೈತೆ, ತೋರಿಸು ನೋಡಾನ."

ಟಿಕೆಟ್ ತೋರಿಸು ಎನ್ನುವ ಅದೇ ಧ್ವನಿ! ಸೆಕೆಯನ್ನು ಯಾರಾದರೂ ತೋರಿಸಲಾದೀತೇ? ನೆನೆದ ನನ್ನ ಅಂಗಿಯನ್ನೇ ತೋರಿಸಿದೆ. ಹೊನ್ನಾಳಿಯಲ್ಲಿ ಮಳೆಯೇನು ಎಂದು ಕೇಳಿದರು. ಆಮೇಲೆ ಅಕ್ಕನ ಕೋಣೆಯ ಕಡೆ ತಿರುಗಿ, ಹೊನ್ನಾಳಿಯವರು ಸುಮ್ಮಸುಮ್ಮನೆ ಬೆವರುತ್ತಾರೆ, ಅದು ಅವರ ಹುಟ್ಟುಗುಣ ಎಂದು ಜೋರಾಗಿ ಸಾರಿದರು. ಒಳಗಿನಿಂದ ಅಕ್ಕನ ಸಣ್ಣ ನಗೆ ಕೇಳಿಸಿತು.

ಅಕ್ಕನನ್ನು ನೋಡಲು ಬರುತ್ತಿದ್ದವರಿಗೂ ಇದೇ ಕಾನೂನು. ಪಕ್ಕದ ಮನೆಯಾಕೆ ಸೆರಗಿನಿಂದ ಗಾಳಿ ಹಾಕಿಕೊಂಡು "ಏನು ಧಗೆ ರೀ" ಎನ್ನುವಷ್ಟರಲ್ಲಿ ಹೊಗೆಯಾಡುವ ಕಾಫಿಯ ಲೋಟ ಅವರ ಕೈಯಲ್ಲಿತ್ತು. ಕುಡಿದು ಮುಗಿಸುವವರೆಗೆ ಭಾವ ಕದಲಲಿಲ್ಲ. ಪಾಪ, ಆಕೆ ಮರುದಿನ ಕಿಟಕಿಯ ಆಚೆಯೇ ನಿಂತು ಯೋಗಕ್ಷೇಮ ವಿಚಾರಿಸಿದರು.

ಫ್ಯಾನು ಬೇಡವೆಂದರೆ ಬೇಡ, ಕೂಲರ್ ಬೇಡವೆಂದಿಲ್ಲವಲ್ಲ? ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡು ಆಟೋದಲ್ಲಿ ಒಂದು ಕೂಲರ್ ಹೇರಿಕೊಂಡು ಬಂದೆ. ಜಗಳವಾಡುತ್ತಾರೆಂದುಕೊಂಡರೆ ಭಾವ ಹಾಗೇನೂ ಮಾಡಲಿಲ್ಲ. ಅಕ್ಕನ ಕೋಣೆಯ ಬಾಗಿಲು ಎಳೆದುಕೊಂಡು, ನಡುಮನೆಯಲ್ಲಿ ಹಚ್ಚಲು ಹೇಳಿ, ನಾಟಕ ನೋಡುವವರಂತೆ ಕುರ್ಚಿ ಹಾಕಿ ಕುಳಿತರು. ಸ್ವಲ್ಪ ಹೊತ್ತಿಗೆ ನಡುಮನೆ ಇಡ್ಲಿ ಪಾತ್ರೆಯಾಯಿತು. ತಟ್ಟೆಯಲ್ಲಿದ್ದ ಹಪ್ಪಳ ಬಟ್ಟೆಯಂತೆ ಮಡಚಿಕೊಂಡಿತು. ಗೋಡೆಯೂ ಮುಖ ತೊಳೆದುಕೊಂಡಿತು!

"ಇದು ನಮ್ಮ ಜಗಳೂರಿನ ಒಣಗಾಳಿಗೆ ಸೈ," ಎಂದರು ಭಾವ. "ಸೂಳೆಕೆರೆ ಸೀಮೆಯಾಗೆ ಕುಂತು ಗಾಳಿಗೆ ನೀರು ಕುಡಿಸ್ತೀಯಲ್ಲ, ಅದು ಬಾಯಾರಿಕೆ ಅಂತ ನಿನ್ನ ಕೇಳಿತ್ತಾ?"

ಸೋತವನಿಗೆ ಸಿಟ್ಟು ಜಾಸ್ತಿ. ಮರುದಿನ ಊಟವಾದ ಮೇಲೆ ಭಾವ ಹಿತ್ತಲಿಗೆ ಹೋದದ್ದನ್ನು ನೋಡಿಕೊಂಡು ಅಕ್ಕನ ಕೋಣೆಗೆ ನುಗ್ಗಿದೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಸ್ವಿಚ್ ಒತ್ತಿದೆ. ಫ್ಯಾನು ಮೈಮುರಿದುಕೊಂಡು ಇನ್ನೇನು ವೇಗ ಹಿಡಿಯಬೇಕು, ಅಷ್ಟರಲ್ಲಿ ಹಿಂದಿನಿಂದ ಬಂದ ಕೈಯೊಂದು ಅದನ್ನು ಆರಿಸಿ, ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಯಿತು. ಅಲ್ಲಿ ನಾನು ಮರ್ಯಾದೆ ಮರೆತೆ. ನಿಮ್ಮ ಹಟಕ್ಕೆ ನಮ್ಮಕ್ಕ ಬಲಿಯಾಗಬೇಕೇನು ಎಂದೂ ಅಂದುಬಿಟ್ಟೆ.

ಭಾವ ಕುತ್ತಿಗೆಯ ಗುಂಡಿ ಬಿಚ್ಚಿದರು. ಒಳಗಿನ ಬನಿಯನ್ ಹಿಂಡುವಷ್ಟು ನೆನೆದಿತ್ತು.

"ಆಪರೇಷನ್ ಆದಾಗಿಂದ ಗಾಳಿ ಸೋಕಿದ್ರೆ ಸಾಕು, ಅವಳ ಮೈ ನಡುಗ್ತೈತೆ. ಹಲ್ಲು ಕಟಕಟ ಅಂತಾವೆ. ಸರಿ ಹೋಗಾಕೆ ಟೈಮ್ ಬೇಕು ಅಂದಾರೆ ಡಾಕ್ಟ್ರು." ಬಿಚ್ಚಿದ ಗುಂಡಿಯನ್ನು ಮತ್ತೆ ಹಾಕಿಕೊಂಡರು. "ಬ್ಯಾಸಿಗೆ ಶುರುವಿಗೆ ಒಂದಿನ ಬಾಯಿತಪ್ಪಿ ಸೆಕೆ ಅಂದೆ ನೋಡು. ನಡುಗಿಕೊಂತಾನೇ ಎದ್ದು ಹೋಗಿ ಫ್ಯಾನು ಹಾಕಿದ್ಲು. ನನ್ನ ಸಲುವಾಗಿ ನೀವ್ಯಾಕೆ ಬೇಯ್ತೀರಿ ಅಂತ. ಅವತ್ತಿಂದ ನಂಗೆ ಸೆಕೆ ಆಗಂಗಿಲ್ಲ."



ಒಳಗಿನಿಂದ ಅಕ್ಕ ಕರೆದಳು. ಹೋದೆವು. ಫ್ಯಾನಿನ ಸದ್ದಿಗೆ ಎಚ್ಚರವಾಗಿರಬೇಕು. ಗೋಡೆ ಹಿಡಿದು ಏಳಲು ನೋಡುತ್ತಿದ್ದಳು. "ತಮ್ಮಾ, ಸೆಕೆ ಆಗ್ತೈತೇನೋ ನಿಂಗೆ? ತಡಿ, ಹಾಕ್ತೀನಿ. ನಂಗೇನೂ ಆಗಂಗಿಲ್ಲ."

ನನ್ನ ಗಲ್ಲದಿಂದ ಹನಿ ತೊಟ್ಟಿಕ್ಕುತ್ತಿತ್ತು. ಭಾವ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

"ಇಲ್ಲಕ್ಕ," ಎಂದೆ, ಮಂಚದ ತುದಿಯಲ್ಲಿ ಕೂರುತ್ತ. "ನಂಗ್ಯಾಕೋ ಸ್ವಲ್ಪ ಚಳಿನೇ ಅನಿಸ್ತೈತೆ."

ಅಕ್ಕ ನನ್ನ ಮುಖ ನೋಡಿದಳು, ಭಾವನ ಮುಖ ನೋಡಿದಳು. ತಾನು ಹೊದ್ದಿದ್ದ ಕೌದಿಯ ಒಂದು ತುದಿಯನ್ನು ಎಳೆದು ನನ್ನ ಕಾಲ ಮೇಲೆ ಹೊದಿಸಿದಳು. ನಾನು ಅದನ್ನು ಸೊಂಟದವರೆಗೂ ಎಳೆದುಕೊಂಡೆ.