ಕೆಟ್ಟ ಸುದ್ದಿಗೆ ಒಪ್ಪುವ ಜಾಗ

ಸಭೆಯಲ್ಲಿ ಏನು ಮಾತಾಡಬೇಕು ಎಂದು ನನ್ನನ್ನು ಈವರೆಗೆ ಯಾರೂ ಕೇಳಿದ್ದಿಲ್ಲ. ಎಲ್ಲಿ ಕೂತು ಮಾತಾಡಬೇಕು ಎಂದು ಮಾತ್ರ ಕೇಳುತ್ತಾರೆ. ಮುಂಬಯಿ ಪಕ್ಕದ ಠಾಣೆಯ ಒಂದು ಕಂಪನಿಯಲ್ಲಿ ನಾನು ಅಡ್ಮಿನ್ ಆಫೀಸರ್. ಹೆಸರು ಕೇಳಿ ಭಾರೀ ಹುದ್ದೆ ಇರಬೇಕು ಎಂದುಕೊಂಡು ಉಡುಪಿ ಕಡೆಯ ನನ್ನ ಮಾವ ಮಗಳನ್ನು ಕೊಟ್ಟರು. ಫ್ಯಾನು ತಿರುಗದಿದ್ದರೆ, ನಲ್ಲಿ ಸೋರಿದರೆ, ಚಹಾ ಆರಿದ್ದರೆ ಬೈಸಿಕೊಳ್ಳುವವನಿಗೆ ಆ ಹೆಸರು ಎಂದು ತಿಳಿಯುವಷ್ಟರಲ್ಲಿ ಮದುವೆಯೂ ಆಗಿ, ಡೊಂಬಿವಲಿಯಲ್ಲಿ ಮನೆಯೂ ಆಗಿತ್ತು. ನಮ್ಮದು ಬಾಗಿಲಿನ ಚಿಲಕ, ಬಿಜಾಗರಿ, ಹಿಡಿಕೆ ಮಾರುವ ಕಂಪನಿ. ಊರವರ ಬಾಗಿಲನ್ನೆಲ್ಲ ಭದ್ರ ಮಾಡಿಕೊಟ್ಟವರು ನಾವು.

ಸಭೆಗೆ ಜಾಗ ನೋಡುವುದು ಸುಲಭ ಎಂದುಕೊಂಡವರು ಒಮ್ಮೆ ನಮ್ಮ ಕಡೆ ಬಂದು ನೋಡಬೇಕು. ನವಿ ಮುಂಬಯಿಯಲ್ಲಿ ಇಟ್ಟರೆ ಕಲ್ಯಾಣದವರು ಠಾಣೆಯಲ್ಲಿ ಗಾಡಿ ಬದಲಿಸಬೇಕೆಂದು ಮುಖ ಊದಿಸುತ್ತಾರೆ. ಕಲ್ಯಾಣದಲ್ಲಿ ಇಟ್ಟರೆ ನಮ್ಮ ಸಾನಪಾಡಾ ಬ್ರಾಂಚಿನವರು ಕಾಶಿಯಾತ್ರೆಗೆ ಕರೆದ ಹಾಗೆ ನೋಡುತ್ತಾರೆ. ಒಬ್ಬರಿಗೆ ಎ.ಸಿ. ಬೇಕು, ಇನ್ನೊಬ್ಬರಿಗೆ ಎ.ಸಿ.ಯಿಂದ ಮಂಡಿನೋವು. ಹಾಲ್ ನೋಡಲು ಹೋದರೆ ನಾನು ವೇದಿಕೆ, ದೀಪ ಏನನ್ನೂ ನೋಡುವುದಿಲ್ಲ, ಸೀದಾ ಟಾಯ್ಲೆಟ್ಟಿಗೆ ಹೋಗುತ್ತೇನೆ. ಅದು ಚೊಕ್ಕ ಇದ್ದರೆ ಅರ್ಧ ಸಭೆ ಗೆದ್ದ ಹಾಗೆ. ಆದರೆ ಎಲ್ಲಕ್ಕಿಂತ ದೊಡ್ಡ ತಾಪತ್ರಯ ಬೇರೆ. ನಮ್ಮ ಜನ ನೋಟೀಸು ಓದುವುದಿಲ್ಲ, ಜಾಗ ಓದುತ್ತಾರೆ. ಮೀಟಿಂಗ್ ಆಫೀಸಿನಲ್ಲೇ ಎಂದರೆ ಬೈಗುಳ, ಹೊರಗಿನ ಹೋಟೆಲಿನಲ್ಲಿ ಎಂದರೆ ಶುಭಸಮಾಚಾರ. ಇಷ್ಟು ವರ್ಷ ಈ ಲೆಕ್ಕ ತಪ್ಪಿದ್ದೇ ಇಲ್ಲ.

ಹೀಗಿರುವಾಗ ಒಂದು ದಿನ ದಿಲ್ಲಿಯ ಹೆಡ್ಡಾಫೀಸಿನಿಂದ ಸಾಹೇಬರ ಫೋನು ಬಂತು. ಠಾಣೆಯ ಆಫೀಸು, ಗೋದಾಮು ಎರಡೂ ಮುಚ್ಚುತ್ತೇವೆ, ಕೆಲಸವೆಲ್ಲ ಪುಣೆಗೆ ಹೋಗುತ್ತದೆ, ಸೋಮವಾರ ನಾನೇ ಬಂದು ಎಲ್ಲರೆದುರು ಹೇಳುತ್ತೇನೆ, ಯೋಗ್ಯವಾದ ಒಂದು ಜಾಗ ನೋಡಿಡಿ, ಊಟ ಚೆನ್ನಾಗಿರಲಿ, ಪಾಪ, ಜನರಿಗೆ ಬೇಜಾರಾಗಬಾರದು ಎಂದರು. ನೌಕರಿ ಹೋಗುವ ಬೇಜಾರಿಗೆ ಪೂರಿ-ಸಾಗು ಮದ್ದು ಎಂದು ಅವರಿಗೆ ಯಾರು ಹೇಳಿಕೊಟ್ಟರೋ. ಕೊನೆಗೆ, ಸೋಮವಾರದವರೆಗೆ ಒಬ್ಬರಿಗೂ ತಿಳಿಯಕೂಡದು, ತಿಳಿದರೆ ನಿಮ್ಮಿಂದಲೇ ಎಂದುಕೊಳ್ಳುತ್ತೇನೆ ಎಂದರು. ನನ್ನ ಗತಿ ಏನು ಎಂದು ಕೇಳಿದೆ. "ನಿಮ್ಮದು ಆಮೇಲೆ ನೋಡೋಣ" ಎಂದು ಫೋನಿಟ್ಟರು. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗಲೂ ಆಗದು, ಉಗುಳಲೂ ಆಗದು.

ಠಾಣೆಯ ವರ್ತಕ ನಗರದಲ್ಲಿ ನಮ್ಮ ಶೇಖರಣ್ಣನ ಹೋಟೆಲಿದೆ, ಮಾಳಿಗೆಯಲ್ಲಿ ಒಳ್ಳೆಯ ಎ.ಸಿ. ಹಾಲ್. ಹೋಗಿ ಮಾತಾಡಿದೆ. ಶೇಖರಣ್ಣ ಗಲ್ಲಾದ ಹಿಂದಿನಿಂದಲೇ, "ಎಂತ ಕಾರ್ಯಕ್ರಮ ಮಾರಾಯ್ರೆ? ಕಾರ್ಯಕ್ರಮ ನೋಡಿ ಸ್ವೀಟ್ ಅಲ್ವಾ? ಪ್ರಮೋಶನ್ನಾ, ರಿಟೈರ್‌ಮೆಂಟಾ?" ಎಂದು ಕೇಳಿದ. "ಹಾಗೇ ಒಂದು ಮೀಟಿಂಗ್" ಎಂದೆ. "ಹಾಗೇ ಅಂದ್ರೆ ಎಂತ? ಶುಭವಾ, ಅಲ್ವಾ, ಅಷ್ಟು ಹೇಳಿ." ನಾನು ಗೋಡೆಯ ಮೇಲಿನ ಗಣಪತಿಯ ಮುಖ ನೋಡಿದೆ. "ಕಾಶಿ ಹಲ್ವಾ ಮಾಡುವ" ಎಂದು ಶೇಖರಣ್ಣನೇ ತೀರ್ಮಾನ ಮಾಡಿದ. ಹಲ್ವಾದ ಕುಂಬಳಕಾಯಿ ನೆನಪಾದ ಕೂಡಲೇ ಕಳ್ಳನ ಹಾಗೆ ನನಗೆ ಹೆಗಲು ಮುಟ್ಟಿಕೊಳ್ಳಬೇಕು ಅನ್ನಿಸಿತು.

ಮಾರನೆಯ ದಿನ ಬೆಳಗಿನ ಲೋಕಲ್ ರೈಲಿನಲ್ಲಿ ಮಲ್ಲೇಶಿ ಸಿಕ್ಕಿದ. ಮಲ್ಲೇಶಿ ವಿಜಯಪುರದವನು, ನಮ್ಮ ಗೋದಾಮಿನಲ್ಲಿ ಮಾಲು ಕಟ್ಟಿ ಕಳಿಸುವವರ ಮೇಸ್ತ್ರಿ. ಹಮಾಲಿಯಾಗಿ ಬಂದವನು ಬೆನ್ನು ಸವೆಸಿ ಮೇಲೆ ಬಂದಿದ್ದಾನೆ. ಡೊಂಬಿವಲಿಯಿಂದ ಠಾಣೆಗೆ ನಾವಿಬ್ಬರೂ ದಿನಾ ಒಂದೇ ಡಬ್ಬಿಯಲ್ಲಿ, ಅವನ ಮೊಣಕೈ ನನ್ನ ಪಕ್ಕೆಲುಬಿನಲ್ಲಿ. ಅಂದು ಅವನ ಮುಖ ಅರಳಿತ್ತು.

"ಸರ, ಎ.ಸಿ. ಹಾಲ್ ಅಂತಲ್ರಿ! ಊಟಾನೂ ಐತಂತ! ಏನರ ಚಲೋದ ಇರಬೇಕ್ರಿ."

"ಯಾರು ಹೇಳಿದ್ರು ಮಾರಾಯ ನಿನಗೆ?"

"ಹೋಟೆಲ್‌ನ ಹುಡುಗ ನಮ್ಮ ಕಡ್ಯಾಂವ್ರಿ. ಅದಿರ್ಲಿ, ಭಿವಂಡಿ ಗೋಡೌನ್‌ನವ್ರು ನನ್ನ ಕೆಲಸಕ್ಕ ಕರ್ಯಾಕತ್ತಾರ. ಶನಿವಾರದೊಳಗ ಹೇಳು ಅಂದಾರ. ಒಲ್ಲೆ ಅಂತ ಹೇಳಿಬಿಡ್ತೀನ್ರಿ. ಇಷ್ಟು ಮರ್ಯಾದಿ ಕೊಡೂ ಕಂಪನಿ ಬಿಟ್ಟು ಎಲ್ಲಿ ಹೋಗೂದ್ರಿ?"

ದಿವಾ, ಮುಂಬ್ರಾ, ಕಳವಾ ಸ್ಟೇಶನ್ನುಗಳೆಲ್ಲ ದಾಟಿದವು, ನಾನು ಮೇಲಿನ ಹಿಡಿಕೆಗೆ ಜೋತುಬಿದ್ದೇ ಇದ್ದೆ. ಠಾಣೆಯಲ್ಲಿ ಜನರೇ ನನ್ನನ್ನು ಹೊರಗೆ ದಬ್ಬಿದರು.

ಆ ದಿನವಿಡೀ ತಲೆ ಕೆರೆದುಕೊಂಡೆ. ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಹೇಳದಿದ್ದರೆ ಅವನಿಗೆ ಸಿಕ್ಕ ಕೆಲಸ ಹೋಗುತ್ತದೆ. ಮಧ್ಯಾಹ್ನ ಡಬ್ಬಿಯ ಚಿತ್ರಾನ್ನ ತಿನ್ನುವಾಗ ಬುದ್ಧಿ ಹೊಳೆಯಿತು. ಅಡ್ಮಿನ್ ಬುದ್ಧಿ ಎಂದರೆ ಅಡ್ಡದಾರಿಯ ಬುದ್ಧಿ. ಜನ ಜಾಗ ಓದುವವರಲ್ಲವೇ? ಓದಲಿ! ಬಾಯಿಬಿಟ್ಟು ಹೇಳಬಾರದೆಂದು ತಾನೇ ಸಾಹೇಬರ ಅಪ್ಪಣೆ? ಅಪಶಕುನದ ಜಾಗ ಹಿಡಿಯಬೇಡ ಎಂದು ಅವರು ಹೇಳಿಲ್ಲವಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿ ಇನ್ನೆರಡು ತುತ್ತು ಹೆಚ್ಚು ತಿಂದೆ.

ಠಾಕುರ್ಲಿಯಲ್ಲಿ ಸ್ಟೇಶನ್ನಿಗೆ ಹತ್ತಿರ ಒಂದು ಹಾಲ್ ಇದೆ. ಡೊಂಬಿವಲಿ, ಕಲ್ಯಾಣ ಕಡೆಯವರಿಗೆಲ್ಲ ಅದು ಗೊತ್ತು. ಅಲ್ಲಿ ಮದುವೆ, ಮುಂಜಿ, ನಾಮಕರಣ ಯಾವುದೂ ಆಗುವುದಿಲ್ಲ, ಶೋಕಸಭೆ ಮತ್ತು ಹದಿಮೂರನೆಯ ದಿನದ ಊಟ ಮಾತ್ರ. ಒಳಗೆ ಬಿಳಿ ಪರದೆ, ಬಿಳಿ ಹೊದಿಕೆಯ ಕುರ್ಚಿ, ಎದುರಿನ ಗೋಡೆಯಲ್ಲಿ ಫೋಟೋ ತೂಗುಹಾಕಲು ಒಂದು ಮೊಳೆ. ಅಲ್ಲಿನ ಮುದುಕ ಮರಾಠಿಯಲ್ಲಿ ಮೆಲ್ಲಗೆ, "ಕೋಣ್ ಗೇಲಂ, ಸಾಹೇಬ್?" ಎಂದು ವಿಚಾರಿಸಿದ. ಯಾರು ಹೋದರು ಎಂದು! ಇನ್ನೂ ಯಾರೂ ಹೋಗಿಲ್ಲ, ಸೋಮವಾರ ಹೋಗುತ್ತಾರೆ ಎನ್ನಲು ಬರುತ್ತದೆಯೇ? "ಆಫೀಸಿನವರು" ಎಂದೆ. ಅವನು ತಲೆಯಾಡಿಸಿ, ಹೆಗಲ ಮೇಲೆ ಕೈಯಿಟ್ಟು, ಫೋಟೋವನ್ನು ಹಿಂದಿನ ದಿನವೇ ಕಳಿಸಿ ಎಂದ. ಅಂಥ ಮಮತೆಯ ಮಾತನ್ನು ಆ ವಾರದಲ್ಲಿ ನನಗೆ ಬೇರೆ ಯಾರೂ ಆಡಿರಲಿಲ್ಲ. ಕಣ್ಣು ತುಂಬಿ ಬಂತು.

ವರ್ತಕ ನಗರದ ಹಾಲ್ ಸಿಗುವುದಿಲ್ಲವಂತೆ, ಇದು ಸ್ಟೇಶನ್ನಿಗೆ ಹತ್ತಿರ, ಖರ್ಚೂ ಕಮ್ಮಿ, ಆದರೆ ಚಹಾ ಬಿಸ್ಕತ್ತು ಮಾತ್ರ ಎಂದು ಸಾಹೇಬರಿಗೆ ತಿಳಿಸಿದೆ. ಖರ್ಚು ಕಮ್ಮಿ ಎಂದದ್ದಷ್ಟೇ ಅವರಿಗೆ ಕೇಳಿಸಿತು. ಒಪ್ಪಿದರು. ಮನೆಯಲ್ಲಿ ಹೆಂಡತಿಗೆ ಹಾಲ್ ಯಾವುದೆಂದಷ್ಟೇ ಹೇಳಿದಾಗ, "ನಿಮಗೆ ಮಂಡೆ ಸರಿ ಉಂಟಾ? ಆ ಹಾಲ್‌ನಲ್ಲಿ ಬಿಸ್ಕತ್ತು ತಿಂದ್ರೂ ಮನೆಗೆ ಬಂದು ಸ್ನಾನ ಮಾಡ್ಬೇಕು" ಎಂದಳು. ನನಗೆ ಸಮಾಧಾನವಾಯಿತು. ಇವಳಿಗೆ ಅರ್ಥವಾದದ್ದು ಮಲ್ಲೇಶಿಗೂ ಅರ್ಥವಾಗದೆ ಇರದು.

ಶುಕ್ರವಾರ ಬೆಳಗ್ಗೆ ಗಾಡಿಯಲ್ಲಿ ಅವನೇ ಮಾತು ತೆಗೆದ. "ಸರ, ಠಾಕುರ್ಲಿ ಹಾಲ್ ಮಾಡ್ಯಾರಂತಲ್ರಿ, ದಿನದ ಊಟ ಹಾಕ್ತಾರಲ್ಲ, ಅದು."

"ಹೌದು ಮಾರಾಯ. ನಿನಗೆ ಎಂತ ಅನ್ನಿಸ್ತದೆ?" ಎಂದೆ.

"ಶಾಣ್ಯಾ ಮಂದಿರಿ! ಎ.ಸಿ. ಹಾಲಿಗೆ ಹಾಕೂ ರೊಕ್ಕ ಉಳಿಸಿ ನಮಗ ಕೊಡಾಕತ್ತಾರ. ಸುಳ್ಳ ದೌಲತ್ತು ಮಾಡೂ ಕಂಪನಿ ಅಲ್ರಿ ನಮ್ದು. ಭಿವಂಡಿಯಾಂವಗ ನಿನ್ನೆ ಸಂಜಿನ ಒಲ್ಲೆ ಅಂದಬಿಟ್ಟೆ."

"ಇನ್ನೊಮ್ಮೆ ಫೋನ್ ಮಾಡು ಮಲ್ಲೇಶಿ. ಆ ಕೆಲಸ ಬಿಡ್ಬೇಡ" ಎಂದೆ. ಯಾಕೆ ಎಂದು ಕೇಳಿದ. "ಹಾಗೇ" ಎಂದೆ. ಅವನು ನಕ್ಕು, "ನಿಮಗ ಎಲ್ಲಾದ್ರಾಗೂ ಕೆಟ್ಟದ್ದ ಕಾಣ್ತದ್ರಿ ಸರ. ಮಳಿಗಾಲ ಮುಗದ್ರೂ ಛತ್ರಿ ಹಿಡಕೊಂಡು ಬರಾವ್ರು ನೀವು" ಎಂದ. ಸುತ್ತಲಿನ ನಾಲ್ಕು ಜನರೂ ನಕ್ಕರು. ನಾನೂ ನಕ್ಕೆ, ನನ್ನ ಕರ್ಮ!

ಸೋಮವಾರ ಸಾಹೇಬರು ಆ ಮೊಳೆಯ ಕೆಳಗೆ ನಿಂತು ಮಾತಾಡಿದರು. ಒಳ್ಳೆಯ ಮಾತುಗಳೇ, ದುಡಿದವರ ಬಗ್ಗೆ ಗೌರವದಿಂದಲೇ ಆಡಿದರು. ಮುಗಿದ ಮೇಲೆ ಗಲಾಟೆಯಾದೀತು ಎಂದು ನಾನು ಬಾಗಿಲ ಬಳಿ ನಿಂತಿದ್ದೆ. ಏನೂ ಆಗಲಿಲ್ಲ. ಜಾಗದ ಗುಣವೋ ಏನೋ, ಕೂಗುವವರೂ ಅಲ್ಲಿ ಪಿಸುಗುಟ್ಟಿದರು. ಒಬ್ಬೊಬ್ಬರೇ ಎದ್ದು, ಮುಂದೆ ಹೋಗಿ, ಸಾಹೇಬರಿಗೆ ಕೈಮುಗಿದು ಹೊರಟರು. ಬರ್ತೇನೆ ಎಂದು ಒಬ್ಬರೂ ಹೇಳಲಿಲ್ಲ. ಅಂಥ ಮನೆಯಿಂದ ಹೊರಡುವಾಗ ಹಾಗೆ ಹೇಳಬಾರದಲ್ಲ, ಯಾರೂ ಕಲಿಸದೆಯೇ ಎಲ್ಲರಿಗೂ ಅದು ನೆನಪಾಗಿತ್ತು. ಕಣ್ಣಲ್ಲಿ ನೀರು ಬಂದರೆ ಒರೆಸಿಕೊಳ್ಳಲಿ ಎಂದು ನಾನು ತರಿಸಿಟ್ಟಿದ್ದ ಟಿಶ್ಯೂ ಕಾಗದ ಹಾಗೇ ಉಳಿಯಿತು. ಒಂದನ್ನು ನಾನು ಬಳಸಿದೆ.

ಸಾಹೇಬರು ನನ್ನ ಕೈ ಕುಲುಕಿದರು. ಎಷ್ಟು ಗಂಭೀರ ಜನ, ಎಂಥ ಯೋಗ್ಯ ಜಾಗ, ನಿಮ್ಮ ಆಯ್ಕೆಯೇ ಆಯ್ಕೆ ಎಂದರು. ನಿಮ್ಮನ್ನು ಬಿಡುವುದಿಲ್ಲ, ಮುಂದಿನ ತಿಂಗಳು ಸಾನಪಾಡಾ ಬ್ರಾಂಚ್ ಮುಚ್ಚುವುದಿದೆ, ಅಲ್ಲಿಗೂ ಹೀಗೇ ಒಂದು ನೋಡಿ ಎಂದು ಕಿವಿಯಲ್ಲಿ ಹೇಳಿದರು. "ಸರಿ ಸರ್" ಎಂದೆ. ಆ ಎರಡು ಶಬ್ದಗಳಲ್ಲೇ ನನ್ನ ನೌಕರಿ ಉಳಿಯಿತು.

ಹೊರಗೆ ಮಲ್ಲೇಶಿ ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದಲ್ಲಿ ಕೂತೆ. ತಡೆಯಲಾರದೆ ಎಲ್ಲವನ್ನೂ ಹೇಳಿದೆ, ದಿಲ್ಲಿಯ ಫೋನು, ನನ್ನ ಹೆದರಿಕೆ, ನಿನಗೆ ತಿಳಿಯಲಿ ಎಂದೇ ಈ ಹಾಲ್ ಹಿಡಿದದ್ದು ಎಂದು. ಅವನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ಇದನ್ನ ಹೇಳಾಕ ಹಾಲ್ ಯಾಕ್ ಬೇಕ್ರಿ ಸರ? ಬಾಯಿ ಇತ್ತಲ್ರಿ" ಎಂದ. ಆಮೇಲೆ, "ಅಲ್ಲೇ ವರ್ತಕ ನಗರದಾಗ ಇಟ್ಟಿದ್ರ ಎಲ್ಲಾರೂ ಕೂಡಿ ಕುಂತು ಒಂದು ಊಟರ ಆಗ್ತಿತ್ರಿ" ಎಂದು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು ಸ್ಟೇಶನ್ನಿನತ್ತ ನಡೆದ.

ಸಾನಪಾಡಾದವರಿಗೆ ಈಗ ಜಾಗ ಗೊತ್ತುಮಾಡಿದ್ದೇನೆ. ಒಳ್ಳೆಯ ಹಾಲ್, ಎ.ಸಿ. ಇದೆ, ಕುರ್ಚಿ ಮೆತ್ತಗಿವೆ, ಟಾಯ್ಲೆಟ್ ಕನ್ನಡಿಯ ಹಾಗಿದೆ. ಆ ಬ್ರಾಂಚಿನವರು ದಿನಾ ಫೋನು ಮಾಡಿ, ಇಷ್ಟು ದೊಡ್ಡ ಹಾಲ್ ಯಾಕೆ ಸರ್, ಏನು ವಿಶೇಷ ಎಂದು ಕೇಳುತ್ತಾರೆ. ಹೇಳಿಬಿಡೋಣ ಎಂದು ಬಾಯಿ ತೆರೆಯುತ್ತೇನೆ. ಊಟ ಚೆನ್ನಾಗಿದೆ ಎನ್ನುತ್ತೇನೆ.